ಪಟ್ಟದ ರಾಜನ ಕಾಲಡಿ ಸಿಕ್ಕ ಹೆಲಿಕಾಪ್ಟರ್ ಬಿಡಿಭಾಗ

ಮಾನ್ಯ ಬಿಡಿಭಾಗಗಳ ಆಯುಷ್ಯ ತಪಾಸಣಾ ಮುಖ್ಯಾಧಿಕಾರಿಗಳೇ,

ನಮ್ಮ ಹೆಲಿಕಾಪ್ಟರ್ ಇಪ್ಪತ್ತೆರಡು ದಿನಗಳಿಂದ ನೆಲ ಬಿಟ್ಟು ಎದ್ದಿಲ್ಲ. ಅದರ ಎಂಜಿನ್ ಚೆನ್ನಾಗಿದೆ, ರೆಕ್ಕೆ ಚೆನ್ನಾಗಿದೆ, ಪೈಲಟ್ಟನ ಆರೋಗ್ಯವೂ ಚೆನ್ನಾಗಿದೆ. ಅದು ಏಳದಿರುವುದಕ್ಕೆ ಕಾರಣ ನಮ್ಮತ್ತೆಯ ದಸರಾ ಗೊಂಬೆಗಳ ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ ಎಂಬುದು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ, ನಿಮ್ಮ ಕಚೇರಿಯೇ ಕಾಗದದ ಮೇಲೆ ಬರೆದು ಕಳಿಸಿದೆ. ಈ ಬಗ್ಗೆ ನಾನು ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ಮೂರು ಸಲವೂ "ನಿಮ್ಮ ಸಂದೇಶ ನಮಗೆ ಮುಖ್ಯ" ಎಂಬ ಉತ್ತರ ಒಂದೇ ನಿಮಿಷದಲ್ಲಿ ಬಂತು. ಅಷ್ಟು ಮುಖ್ಯವಾದದ್ದನ್ನು ಓದುವುದು ಹೇಗೆ ಎಂದು ನೀವು ಹಿಂಜರಿಯುತ್ತಿರಬಹುದು. ಆದ್ದರಿಂದ ನಾಲ್ಕನೆಯದನ್ನು ಕನ್ನಡದಲ್ಲಿ ಬರೆದು ನಮ್ಮ ಕನ್ನಡ ಕೂಟದ ಪತ್ರಿಕೆಗೆ ಕೊಟ್ಟಿದ್ದೇನೆ. ನೀವು ಓದದಿದ್ದರೂ ಇಲ್ಲಿ ನಾನೂರು ಮನೆಯವರು ಓದುತ್ತಾರೆ.

ನಾನು ಜಲಜಾ. ಮನೆ ವಾಲ್ನಟ್ ಕ್ರೀಕಿನಲ್ಲಿ. ಅಲ್ಲಿಂದ ಇಪ್ಪತ್ತು ನಿಮಿಷ ದೂರದ ಸಣ್ಣ ವಿಮಾನ ನಿಲ್ದಾಣದಲ್ಲಿ ಒಂದು ಹೆಲಿಕಾಪ್ಟರ್ ರಿಪೇರಿ ಶೆಡ್ಡಿದೆ, ಅಲ್ಲಿ ಹನ್ನೊಂದು ವರ್ಷದಿಂದ ದಾಖಲೆ ನೋಡಿಕೊಳ್ಳುತ್ತೇನೆ. ಇಲ್ಲಿನ ಕನ್ನಡಿಗರು ಸಿಕ್ಕಾಗ "ಯಾವ ಕಂಪನಿ?" ಎಂದು ಕೇಳುತ್ತಾರೆ. ನಾನು ವಿವರಿಸುತ್ತೇನೆ. ಅವರು "ಓ, ಡೇಟಾದಲ್ಲಿದೀರಾ" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಅವರಿಗಾಗಿಯೇ ಒಂದು ಮಾತು ಹೇಳಿಬಿಡುತ್ತೇನೆ. ಹೆಲಿಕಾಪ್ಟರಿನ ಕೆಲವು ಭಾಗಗಳಿಗೆ ತಯಾರಿಸಿದವರೇ ಆಯುಷ್ಯ ಬರೆದಿರುತ್ತಾರೆ. ಇದು ಇಷ್ಟು ಗಂಟೆ ಹಾರಬಹುದು, ಆಮೇಲೆ ಒಂದು ನಿಮಿಷವೂ ಬೇಡ ಎಂದು. ಹಾಲಿನ ಡಬ್ಬದ ಮೇಲಿನ ತಾರೀಖಿನ ಹಾಗೆಯೇ, ಆದರೆ ಇಲ್ಲಿ ಮೂಸಿ ನೋಡಿ ತೀರ್ಮಾನಿಸುವ ಸೌಲಭ್ಯವಿಲ್ಲ. ಲೋಹ ಒಳಗೊಳಗೇ ದಣಿದಿರುತ್ತದೆ, ಹೊರಗೆ ಹೊಸದರಂತೆ ಹೊಳೆಯುತ್ತಿರುತ್ತದೆ. ಹಾಗಾಗಿ ಪ್ರತಿ ಭಾಗಕ್ಕೂ ಒಂದು ನಂಬರು, ಒಂದು ಕಾರ್ಡು. ಹುಟ್ಟಿದ ದಿನದಿಂದ ಯಾವ ಹೆಲಿಕಾಪ್ಟರಿನಲ್ಲಿ ಎಷ್ಟು ಗಂಟೆ ಇತ್ತು, ಯಾರು ಬಿಚ್ಚಿದರು ಎಂಬುದೆಲ್ಲ ಆ ಕಾರ್ಡಿನಲ್ಲಿ ಇರಬೇಕು. ಆಯುಷ್ಯ ಮುಗಿದ ಮೇಲೆ ಯಾರೂ ಮತ್ತೆ ಹಾಕದಂತೆ ಅದನ್ನು ಗರಗಸದಿಂದ ಕತ್ತರಿಸಬೇಕು. ಇಷ್ಟೇ ನನ್ನ ಕೆಲಸ.

ಈಗ ಗೊಂಬೆಗಳ ವಿಚಾರಕ್ಕೆ ಬರುತ್ತೇನೆ. ನಮ್ಮತ್ತೆ ಭದ್ರಮ್ಮನವರು ಈ ವರ್ಷ ಮೈಸೂರಿನಿಂದ ಬರುವಾಗ ಮೂರು ರೇಷ್ಮೆ ಸೀರೆಗಳಲ್ಲಿ ಸುತ್ತಿಕೊಂಡು ಪಟ್ಟದ ಗೊಂಬೆಗಳನ್ನು ತಂದರು. ಮರದ ರಾಜ, ಮರದ ರಾಣಿ. ರಾಣಿ ಕ್ಷೇಮವಾಗಿ ಇಳಿದಳು. ರಾಜನ ಪೀಠದ ಒಂದು ಮೂಲೆ ವಿಮಾನದಲ್ಲಿ ಮುರಿಯಿತು. ನವರಾತ್ರಿಯ ಮೊದಲ ದಿನ ಲಿವಿಂಗ್ ರೂಮಿನಲ್ಲಿ ಒಂಬತ್ತು ಮೆಟ್ಟಿಲು ಕಟ್ಟಿ ನಿಲ್ಲಿಸಿದರೆ ರಾಜ ಪದೇ ಪದೇ ರಾಣಿಯ ಮೇಲೆ ಒರಗುತ್ತಿದ್ದ. ಅತ್ತೆಗೆ ಅದು ಸರಿಕಾಣಲಿಲ್ಲ. ಅದೇ ಸಂಜೆ ಕಾರಿನಿಂದ ಗ್ರೋಸರಿ ಇಳಿಸುವಾಗ ಡಿಕ್ಕಿಯಲ್ಲಿ ಅವರಿಗೆ ಒಂದು ಉಕ್ಕಿನ ತುಂಡು ಸಿಕ್ಕಿತು. ಅಂಗೈಗಿಂತ ಸ್ವಲ್ಪ ದೊಡ್ಡದು, ಕೈಯಲ್ಲಿ ಹಿಡಿದರೆ ಭಾರ, ನೋಡಲು ಲಕಲಕ. ಹೆಲಿಕಾಪ್ಟರಿನ ನೆತ್ತಿಯಲ್ಲಿ ರೆಕ್ಕೆಗಳ ನಡುವೆ ಕೂರುವ ಅದಕ್ಕೆ ಶೆಡ್ಡಿನಲ್ಲಿ ಟ್ರನಿಯನ್ ಎನ್ನುತ್ತೇವೆ. ಆಯುಷ್ಯ ಎರಡು ಸಾವಿರದ ನಾನೂರು ಗಂಟೆ. ಅದು ಮುಗಿದಿತ್ತು.

"ಇದೇನೇ ಜಲಜಾ, ಇಷ್ಟ್ ಚೆನ್ನಾಗಿರೋದನ್ನ ಡಿಕ್ಕೀಲಿ ಹಾಕ್ಕೊಂಡು ಓಡಾಡ್ತಿದೀಯಾ?"

"ಅತ್ತೆ, ಅದು ಎಕ್ಸ್‌ಪೈರ್ ಆಗಿದೆ. ಕತ್ತರಿಸ್ಬೇಕು."

"ಕತ್ತರಿಸೋದಾ? ಹೊಸಾದು ಕಣೇ ಇದು! ಒಂದು ಗೀರೂ ಇಲ್ಲ. ನಿಮ್ಮೂರಲ್ಲಿ ಎಲ್ಲಾ ಹೀಗೇ, ಚೆನ್ನಾಗಿರೋದನ್ನೇ ಬಿಸಾಕ್ತೀರ. ದಸರಾ ಮುಗಿಯೋವರ್ಗೂ ಇರ್ಲಿ ಬಿಡು, ರಾಜ ಬೀಳ್ತಾನೆ."

ನಾನು ಇರಲಿ ಬಿಡಿ ಎಂದೆ. ಅದು ಡಿಕ್ಕಿಗೆ ಬಂದದ್ದು ಹೇಗೆಂದರೆ, ನವರಾತ್ರಿಗೆ ಮೂರು ವಾರ ಮುಂಚೆ ಒಂದು ಶುಕ್ರವಾರ ಸಂಜೆ ಅದನ್ನು ಕತ್ತರಿಸಲು ಹೊರಟಾಗ ಗರಗಸದ ಬ್ಲೇಡು ತುಂಡಾಯಿತು. ಇಂಥವನ್ನು ಇಡುವ ಕಬ್ಬಿಣದ ಬೀರುವಿನ ಬೀಗದ ಕೈ ನಮ್ಮ ಮುಖ್ಯ ಮೆಕ್ಯಾನಿಕ್ ಜಬ್ಬಾರ್ ಅವರ ಬಳಿ ಇತ್ತು, ಅವರು ಆಗಲೇ ಹೊರಟಿದ್ದರು. ಮಗಳು ಗಾರ್ಗಿಯನ್ನು ಆರು ಗಂಟೆಯೊಳಗೆ ಕರೆತರಬೇಕಿತ್ತು, 680 ಹೆದ್ದಾರಿಯಲ್ಲಿ ಕಾರುಗಳು ನಿಂತಲ್ಲೇ ನಿಂತಿದ್ದವು. ಶೆಡ್ಡಿನ ಮೇಜಿನ ಮೇಲೆ ಬಿಡುವುದಕ್ಕಿಂತ ನನ್ನ ಕಾರೇ ವಾಸಿ ಎಂದುಕೊಂಡೆ. ಸೋಮವಾರ ಮರೆತೆ. ಮುಂದಿನ ಸೋಮವಾರವೂ ಮರೆತೆ.

ರಾಜ ನೆಟ್ಟಗೆ ನಿಂತ. ಗಾರ್ಗಿ ಫೋಟೋ ತೆಗೆದಳು. ಕನ್ನಡ ಕೂಟದ ಗೊಂಬೆ ಸ್ಪರ್ಧೆಯ ಪುಟಕ್ಕೆ ಅದನ್ನು ಏರಿಸಿದೆವು, ಎರಡನೇ ಬಹುಮಾನವೂ ಬಂತು. ಮೊದಲ ಬಹುಮಾನ ಪಾಲೋ ಆಲ್ಟೋದವರಿಗೆ ಹೋಯಿತು, ಅವರ ಗೊಂಬೆಗಳು ಸ್ವಿಚ್ಚು ಒತ್ತಿದರೆ ತಲೆ ಆಡಿಸುತ್ತವಂತೆ. ಅದನ್ನು ಅತ್ತೆ ಇನ್ನೂ ಒಪ್ಪಿಲ್ಲ.

ಮಾನ್ಯರೇ, ನಿಮ್ಮ ಕಚೇರಿ ಈಚೆಗೆ ಸ್ಯಾನ್ ಫ್ರಾನ್ಸಿಸ್ಕೋದ ಯಾವುದೋ ಸ್ಟಾರ್ಟಪ್ಪಿನಿಂದ ಒಂದು ಸಾಫ್ಟ್‌ವೇರ್ ತರಿಸಿಕೊಂಡಿದೆ. ಆಯುಷ್ಯ ಮುಗಿದ ಭಾಗಗಳನ್ನು ಕಳ್ಳತನದಲ್ಲಿ ಮಾರುವವರನ್ನು ಇಂಟರ್‌ನೆಟ್ಟಿನ ಚಿತ್ರಗಳಲ್ಲಿ ಹುಡುಕುವುದು ಅದರ ಕೆಲಸ. ಕೆಲಸ ಒಳ್ಳೆಯದೇ. ಅದು ನಮ್ಮ ರಾಜನ ಕಾಲಡಿಯ ನಂಬರನ್ನು ಓದಿತು. ಅದರ ಕಣ್ಣು ಬಹಳ ಚುರುಕು, ಒಪ್ಪುತ್ತೇನೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅದು ಮುಂದುವರಿದು ಇಡೀ ಫೋಟೋವನ್ನು ಅರ್ಥಮಾಡಿಕೊಂಡಿತು! ವರದಿಯ ಪ್ರತಿ ನನ್ನ ಮುಂದಿದೆ: "ಒಂಬತ್ತು ಹಂತಗಳ ಮಾರಾಟದ ಕಪಾಟು. ವ್ಯಾಪಾರಿಗಳು ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು, ಕುಳಿತಿದ್ದಾರೆ, ಮುಂದೆ ಸರಕು ಹರಡಿಕೊಂಡಿದ್ದಾರೆ." ಅವರು ನಮ್ಮ ಶೆಟ್ಟಿ ಶೆಟ್ಟಿತಿ ಗೊಂಬೆಗಳು, ಸ್ವಾಮಿ. ಮುಂದಿರುವ ಸರಕು ಅರ್ಧ ಹಿಡಿ ತೊಗರಿಬೇಳೆ, ಅರ್ಧ ಹಿಡಿ ಕಡಲೆ. ಪ್ರತಿ ವರ್ಷ ಪ್ರತಿ ಮನೆಯಲ್ಲೂ ಅವರು ಅಂಗಡಿ ತೆರೆಯುತ್ತಾರೆ, ಈವರೆಗೆ ಒಂದು ಕಾಳೂ ಮಾರಿಲ್ಲ. ಅವರ ವ್ಯಾಪಾರದ ಪರವಾನಗಿ ಸಂಖ್ಯೆ ಕೊಡಿ ಎಂದು ನೀವು ಕೇಳಿದ್ದೀರಿ.

ನವರಾತ್ರಿಯ ಏಳನೇ ದಿನ ನಿಮ್ಮ ಇಬ್ಬರು ಅಧಿಕಾರಿಗಳು ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ಗೊಂಬೆ ನೋಡಲು ಬಂದವರೆಂದು ಅತ್ತೆ ಸಂಭ್ರಮದಿಂದ ಕರೆದು ಕೂರಿಸಿ ಕೋಸಂಬರಿ ಕೊಟ್ಟರು. ಗೊಂಬೆ ನೋಡಲು ಬಂದವರು ಹಾಡಬೇಕಲ್ಲ, "ಒಂದು ಹಾಡು ಹೇಳಪ್ಪ" ಎಂದು ಹಿಡಿದುಕೊಂಡರು. ಎತ್ತರದ ಅಧಿಕಾರಿ ತಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಹಾಡನ್ನು ಎದ್ದು ನಿಂತು ಹಾಡಿದರು. ನಾಚಿಕೆ ಬಿಟ್ಟು ಹಾಡಿದರು, ಆ ಬಗ್ಗೆ ನನಗೆ ದೂರಿಲ್ಲ. ಆಮೇಲೆ ಟ್ರನಿಯನ್ ಎತ್ತಿ ನೋಡಿ ಅದರ ಮೇಲಿನ ಕೆಂಪು ಪುಡಿ ತುಕ್ಕೇ ಎಂದು ಕೇಳಿದರು. ಕುಂಕುಮ ಎಂದೆ. ನಂಬಲಿಲ್ಲ. ಚಿಟಿಕೆಯಷ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ಎರಡು ವಾರದ ಮೇಲೆ ಫಲಿತಾಂಶ ಬಂತು: ಅರಿಶಿನ ಮತ್ತು ಸುಣ್ಣ. ಅತ್ತೆಯನ್ನು ಕೇಳಿದ್ದರೆ ಕೂತಲ್ಲೇ ಹೇಳುತ್ತಿದ್ದರು.

ಅವರು ಟ್ರನಿಯನ್ ತೆಗೆದುಕೊಂಡು ಹೋದರು. ಸರಿ. ಜೊತೆಗೆ ಕಾರ್ಡುಗಳಿಗೆ ಒತ್ತುವ ನನ್ನ ಮೊಹರನ್ನು ಜಪ್ತಿ ಮಾಡಿ, ನಾನು ಸಹಿ ಹಾಕಿದ ಭಾಗಗಳಿರುವ ಹೆಲಿಕಾಪ್ಟರನ್ನು ನೆಲಕ್ಕೆ ಕಟ್ಟಿಹಾಕಿದರು. ಗುಡ್ಡದ ಊರುಗಳಿಂದ ರೋಗಿಗಳನ್ನು ಆಸ್ಪತ್ರೆಗೆ ತರುವ ಹೆಲಿಕಾಪ್ಟರ್ ಅದು. ಗೊಂಬೆಗಳನ್ನು ಮಾತ್ರ ಸಾಕ್ಷ್ಯವೆಂದು ಹೇಳಿ ಇದ್ದಲ್ಲೇ ಇರಿಸಲು ಆಜ್ಞೆ ಮಾಡಿದರು. ವಿಜಯದಶಮಿಯ ದಿನ ಮಲಗಿಸಬೇಕಾದ ರಾಜ ರಾಣಿ ದೀಪಾವಳಿ ಬಂದರೂ ನಿಂತೇ ಇದ್ದಾರೆ. ರಾಜ ಈಗ ಗಾರ್ಗಿಯ ಗಣಿತ ಪುಸ್ತಕದ ಮೇಲೆ ನಿಂತಿದ್ದಾನೆ, ಅವಳಿಗೆ ಅದರಿಂದ ಬೇಸರವೇನೂ ಇಲ್ಲ. "ಅಜ್ಜಿ, ಲೀವ್ ಇಟ್, ಹೀ ನೀಡ್ಸ್ ಇಟ್ ಮೋರ್" ಎನ್ನುತ್ತಾಳೆ.

ಎರಡನೇ ವಾರದಲ್ಲಿ ನಿಮ್ಮ ನಮೂನೆ ಬಂತು. ಕಪಾಟಿನಲ್ಲಿರುವ ಪ್ರತಿ ವಸ್ತುವಿನ ಮೂಲ, ಹಿಂದಿನ ಮಾಲೀಕರು, ಬಳಸಿದ ಗಂಟೆಗಳು. ಅತ್ತೆ ಕನ್ನಡಕ ಹಾಕಿಕೊಂಡು ಕೂತರು. ಪಟ್ಟದ ಗೊಂಬೆಗಳನ್ನು ಯಾರು ಕೆತ್ತಿದರು, ಯಾರ ಮದುವೆಯಲ್ಲಿ ಯಾರಿಗೆ ಬಂದವು ಎಂದು ಒಂದು ವರ್ಷವೂ ತಪ್ಪದೆ ಹೇಳಿದರು. ಅವರ ಕೈಗೆ ಬಂದು ಐವತ್ತೆರಡು ದಸರಾ, ದಸರಾಕ್ಕೆ ಹತ್ತು ದಿನ, ಅಲ್ಲಿಗೆ ಹನ್ನೆರಡು ಸಾವಿರದ ನಾನೂರ ಎಂಬತ್ತು ಗಂಟೆ ಸೇವೆ. ಇಷ್ಟು ಚೊಕ್ಕ ಇತಿಹಾಸ ನಮ್ಮ ಶೆಡ್ಡಿನಲ್ಲಿ ಯಾವ ಭಾಗಕ್ಕೂ ಇಲ್ಲ. ಆದರೂ ನಮೂನೆ ವಾಪಸು ಬಂತು. ದಶಾವತಾರದ ಸೆಟ್ಟಿನ ಬಗ್ಗೆ ನಿಮ್ಮ ಆಕ್ಷೇಪಣೆ: "ಒಂದೇ ಸೆಟ್ಟಿನ ಹತ್ತು ಘಟಕಗಳು ಒಂದಕ್ಕೊಂದು ಹೋಲುವುದಿಲ್ಲ. ಹತ್ತನೆಯದಕ್ಕೆ ಬಳಕೆಯ ಗಂಟೆ ಸೊನ್ನೆ ಎಂದು ತೋರಿಸಲಾಗಿದೆ, ವಿವರಿಸಿ." ಏನು ವಿವರಿಸಲಿ? ಒಂಬತ್ತು ಸೇವೆ ಮುಗಿಸಿ ಹೋಗಿವೆ, ಹತ್ತನೆಯದು ಇನ್ನೂ ಸೇವೆಗೆ ಬಂದಿಲ್ಲ. ಬಂದಾಗ ನಿಮ್ಮ ಕಚೇರಿಗೂ ತಿಳಿಯುತ್ತದೆ, ಪ್ರತ್ಯೇಕ ಪತ್ರ ಬೇಕಾಗುವುದಿಲ್ಲ.

ಇಷ್ಟರಲ್ಲಿ ಜಬ್ಬಾರ್ ಅವರು ನಾನು ಸಹಿ ಹಾಕಿದ ಭಾಗಗಳನ್ನೆಲ್ಲ ಬಿಚ್ಚಿ, ನಂಬರನ್ನು ಕಾರ್ಡಿನೊಂದಿಗೆ ತಾಳೆ ನೋಡಿ ಮುಗಿಸಿದ್ದರು. ನಿಮ್ಮ ಎತ್ತರದ ಅಧಿಕಾರಿಯೇ ಪಕ್ಕದಲ್ಲಿ ನಿಂತಿದ್ದರು. ಆ ಸಂಜೆ ಜಬ್ಬಾರ್ ಫೋನು ಮಾಡಿದರು.

"ಮೇಡಂ, ಮೂವತ್ತೊಂದಕ್ಕ ಮೂವತ್ತೊಂದೂ ಬರೋಬ್ಬರಿ ಅದಾವ್ರಿ. ಒಂದು ನಂಬರ್ ಸುದ್ದಾ ತಪ್ಪಿಲ್ಲ."

"ಹಾಗಾದ್ರೆ ಹೆಲಿಕಾಪ್ಟರ್ ಬಿಡ್ತಾರಾ?"

"ಇಲ್ರೀ. ಫೈಲ್ ಒಂದ ಐತಂತ. ಗೊಂಬಿ ಲಿಸ್ಟ್ ಮುಗಿಯೂತನಕ ಇದೂ ಮುಗಿಯೂದಿಲ್ಲಂತ. ನಾನು ಮೂವತ್ತು ವರ್ಷ ಈ ಕೆಲಸ ಮಾಡೇನ್ರಿ, ಗೊಂಬಿ ಸಲುವಾಗಿ ಹೆಲಿಕಾಪ್ಟರ್ ನಿಂತದ್ದು ಇದ ಮೊದಲ."

ಇಲ್ಲಿಯವರೆಗೆ ಬರೆದು, ಬಹಳ ಚೆನ್ನಾಗಿ ಬಂದಿದೆ ಎಂಬ ಹೆಮ್ಮೆಯಿಂದ, ಮೊನ್ನೆ ಮಧ್ಯಾಹ್ನ ಅತ್ತೆಗೆ ಓದಿ ಹೇಳಿದೆ. ಕೊನೆಯಲ್ಲಿ ನನ್ನ ಮೊಹರನ್ನು ಕ್ಷಮಾಪಣೆಯ ಸಮೇತ ಹಿಂದಿರುಗಿಸಬೇಕು ಎಂಬ ಖಡಕ್ಕಾದ ಬೇಡಿಕೆಯೂ ಇತ್ತು. ಅತ್ತೆ ಶೆಟ್ಟಿತಿಯ ಭಾಗಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು.

"ಎಲ್ಲಾ ಸರಿ ಕಣೇ. ಅದನ್ನ ಕತ್ತರಿಸಿ ಆಯ್ತು ಅಂತ ಕಾರ್ಡಲ್ಲಿ ಇತ್ತಂತಲ್ಲ, ಆ ಉದ್ದದೋನು ತೋರಿಸ್ತಿದ್ದ. ಅದನ್ನ ಬರ್ದಿದ್ದು ಯಾರು?"

ಮಾನ್ಯರೇ, ಬರೆದದ್ದು ನಾನು. ಮೇಲಿನ ಕಥೆಯಲ್ಲಿ ಬ್ಲೇಡು ಮುರಿದದ್ದನ್ನು ಹೇಳಿದೆ, ಬೀಗದ ಕೈಯನ್ನು ಹೇಳಿದೆ, 680ರ ಕಾರುಗಳನ್ನೂ ಹೇಳಿದೆ. ಅಂದು ಗರಗಸ ಹಚ್ಚುವ ಮೊದಲೇ ಕಾರ್ಡಿನಲ್ಲಿ "ಕತ್ತರಿಸಿ ನಿರುಪಯುಕ್ತಗೊಳಿಸಲಾಗಿದೆ" ಎಂದು ಬರೆದು, ಮೊಹರು ಒತ್ತಿ, ಸಹಿ ಹಾಕಿ ಮುಗಿಸಿದ್ದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಎರಡು ನಿಮಿಷದ ಕೆಲಸ, ಹೇಗೂ ಆಗುತ್ತದೆ ಎಂದುಕೊಂಡಿದ್ದೆ. ಬ್ಲೇಡು ಮುರಿದ ಮೇಲೂ ಬರೆದದ್ದನ್ನು ಹೊಡೆದುಹಾಕಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದೇ ಸಲ ಎಂದು ಅತ್ತೆಗೆ ಹೇಳಿದೆ. ಅವರು ಬಯ್ಯಲಿಲ್ಲ.

"ಅಲ್ವೇ, ನಾನೇನೋ ಗೊಂಬೆ ಕೆಳಗೆ ಇಟ್ಟೆ. ಬೇರೆ ಯಾರಾದ್ರೂ ಎತ್ಕೊಂಡ್ಹೋಗಿ ಹೆಲಿಕಾಪ್ಟರಿಗೇ ಹಾಕಿದ್ರೆ? ಅದರೊಳಗೆ ಕೂರೋರಿಗೆ ಅದು ಹೊಸದೋ ಹಳೇದೋ ಏನು ಗೊತ್ತಾಗತ್ತೆ? ನನಗೇ ಗೊತ್ತಾಗ್ಲಿಲ್ಲ. ನೀನು ಬರ್ದಿರೋದನ್ನ ನಂಬ್ಕೊಂಡು ತಾನೇ ಅವರು ಕೂರೋದು?"

ನನಗೆ ತುಂಬಾ ನಾಚಿಕೆಯಾಯಿತು. ನಿಮ್ಮ ಸಾಫ್ಟ್‌ವೇರಿಗೆ ಶೆಟ್ಟಿತಿ ಯಾರೆಂದು ತಿಳಿಯದಿರಬಹುದು, ಆದರೆ ಕಾರ್ಡಿನ ಪ್ರಕಾರ ಇರಲೇಬಾರದ ವಸ್ತು ಒಂದು ಇದೆ ಎಂದು ಅದು ಹೇಳಿತು, ಅದು ನಿಜ. ಅತ್ತೆ ಎದ್ದು ಕಾಫಿ ಮಾಡಿಕೊಟ್ಟರು. ನಾನು ಕೊನೆಯ ಪುಟವನ್ನು ಹರಿದು ಮತ್ತೆ ಬರೆದೆ.

ಆದ್ದರಿಂದ ನನ್ನ ಬೇಡಿಕೆ ಬದಲಾಗಿದೆ. ಫೈಲನ್ನು ಎರಡು ಮಾಡಿ. ಮೂವತ್ತೊಂದು ಭಾಗಗಳನ್ನು ನಿಮ್ಮವರೇ ಕಣ್ಣಾರೆ ನೋಡಿದ್ದಾರೆ, ಆ ಹೆಲಿಕಾಪ್ಟರನ್ನು ನಾಳೆಯೇ ಹಾರಲು ಬಿಡಿ. ಗುಡ್ಡದ ಮೇಲೆ ಎದೆನೋವು ಬಂದವರು ನಮ್ಮ ಮನೆಯ ಗೊಂಬೆಗಳ ವಂಶಾವಳಿಗೆ ಏಕೆ ಕಾಯಬೇಕು? ಇನ್ನೊಂದು ಫೈಲಿನ ಮೇಲೆ ನನ್ನ ಹೆಸರು ಬರೆಯಿರಿ. ನನ್ನ ಮೊಹರು ಎಷ್ಟು ದಿನ ನಿಮ್ಮಲ್ಲಿರಬೇಕೋ ಅಷ್ಟು ದಿನ ಇರಲಿ, ವಿಚಾರಣೆಗೆ ಕರೆದಾಗ ಬರುತ್ತೇನೆ. ಕೇಳಿಕೊಳ್ಳುವುದು ಒಂದೇ. ಆ ಟ್ರನಿಯನ್ನನ್ನು ಬೇರೆ ಯಾರಿಂದಲೂ ಕತ್ತರಿಸಬೇಡಿ. ನಿಮ್ಮ ಎತ್ತರದ ಅಧಿಕಾರಿಯ ಎದುರಿಗೆ ನಾನೇ ಕತ್ತರಿಸುತ್ತೇನೆ. ಎರಡು ತುಂಡಾಗಿ ನೆಲಕ್ಕೆ ಬಿದ್ದದ್ದನ್ನು ನೋಡಿ, ಆಮೇಲೆ ಕಾರ್ಡಿಗೆ ಕೈ ಹಾಕುತ್ತೇನೆ. ಈ ಸಲ ಮೊದಲು ಗರಗಸ, ಆಮೇಲೆ ಪೆನ್ನು.

ಇಂತಿ,
ಸಹಿ ಹಾಕುವ ಅಧಿಕಾರ ಸದ್ಯಕ್ಕೆ ಇಲ್ಲದಿದ್ದರೂ ಈ ಒಂದು ಕಾಗದಕ್ಕೆ ಓದಿ, ತಿಳಿದು, ಸಹಿ ಹಾಕಿರುವ
ಜಲಜಾ
ವಾಲ್ನಟ್ ಕ್ರೀಕ್