ಹಸಿರು ಅಗಲಕೊಕ್ಕನ್ನು ಕಂಡವರು

ಮಬಾಂಬಾ ದೋಣಿಕಟ್ಟೆ,
ಡಿಸೆಂಬರ್ ೪, ಬುಧವಾರ ಮಧ್ಯಾಹ್ನ

ಪ್ರೀತಿಯ ನಬ್ಬೋಸಾ, ನನ್ನ ಸೂಬಿಯ ಅಮ್ಮಾ,

ಮೊದಲು ತಪ್ಪೊಪ್ಪಿಗೆ, ಆಮೇಲೆ ಕ್ಷೇಮಸಮಾಚಾರ. ಮುಬಿರು ಎಂಬ ಹೆಸರಿನ, ಮೂವತ್ತೆಂಟು ವರ್ಷ ವಯಸ್ಸಿನ, ಪರದೇಶದವರಿಗೆ ಹಕ್ಕಿ ತೋರಿಸುವ ಕಸುಬಿನ ನಾನು, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತನಾಗಿ ಒಪ್ಪಿಕೊಳ್ಳುವುದೇನೆಂದರೆ: ನಿನಗೆ ಕಳಿಸಲೆಂದು ನಿನ್ನ ತಾಯಿ ಈರುಳ್ಳಿ ಹಾಕಿ ಹುರಿದುಕೊಟ್ಟ ಒಂದು ಡಬ್ಬಿ ಮಿಡತೆಯನ್ನು ನಾನು ತಿಂದುಬಿಟ್ಟಿದ್ದೇನೆ. ಒಂದೇ ಏಟಿಗಲ್ಲ, ಕಂತುಕಂತಾಗಿ. ಪ್ರತಿ ಕಂತಿಗೂ ಮನಸಾರೆ ಪಶ್ಚಾತ್ತಾಪಪಟ್ಟು, ಆ ದುಃಖ ನುಂಗಲಾರದೆ ಇನ್ನೊಂದು ಹಿಡಿ ನುಂಗಿ. ಡಬ್ಬಿ ಮಾತ್ರ ಭದ್ರವಾಗಿದೆ. ಈ ಪತ್ರ ಅದರಲ್ಲೇ ಬರುತ್ತಿದೆ. ಮುಚ್ಚಳ ತೆಗೆದ ಕೂಡಲೇ ಬರುವ ಪರಿಮಳವೇ ನಿನ್ನ ಪಾಲು.

ಇನ್ನು, ಹೇಗಿದ್ದೀ? ಹೋದ ಶುಕ್ರವಾರ ಮಾತಾಡುವಾಗ ಮೂರು ಸಲ ಕೆಮ್ಮಿದೆ. ಕೇಳಿದ್ದಕ್ಕೆ "ಇದು ಏಸಿ ಕೆಮ್ಮು ಕಣ್ರೀ, ದೊಡ್ಡ ಮನೆಯವರಿಗೆ ಮಾತ್ರ ಬರುತ್ತೆ" ಅಂದೆ. ಕೆಮ್ಮಿನಲ್ಲೂ ಅಂತಸ್ತು ಬಂತಲ್ಲ ಎಂದು ನಾನು ನಕ್ಕೆನಾದರೂ ಆಮೇಲೆ ಊಟ ಸೇರಲಿಲ್ಲ. ನೆಲ ಒರೆಸುವ ಔಷಧಿಯಿಂದ ಬಿರಿದಿದ್ದ ಬೆರಳುಗಳು ಕೂಡಿಕೊಂಡವೇ? ಬೆಣ್ಣೆ ಹಚ್ಚು. ಬೆಣ್ಣೆ ಹಚ್ಚುವುದರಲ್ಲಿ ನೀನು ಜಾಣೆ. ನಿನ್ನ ಯಜಮಾನಿತಿಗೆ ಹಚ್ಚುವುದರಲ್ಲಿ ಸ್ವಲ್ಪ ಉಳಿಸಿ ಬೆರಳಿಗೂ ಹಚ್ಚು. ಸೂಬಿ ಚೆನ್ನಾಗಿದ್ದಾಳೆ. ಅಜ್ಜಿಯ ಮನೆಯಲ್ಲಿ ಕೋಳಿಗಳನ್ನು ಸಾಲಾಗಿ ಕೂರಿಸಿ ಪಾಠ ಹೇಳುತ್ತಾಳಂತೆ. ಒಂದು ಕೋಳಿ ನಪಾಸಾಗಿದೆಯಂತೆ.

ನಿನ್ನ ತಾಯಿ ಡಬ್ಬಿ ತಂದುಕೊಟ್ಟ ದಿನದ ಸಂಗತಿ ನೀನು ಕೇಳಲೇಬೇಕು. ಅತ್ತೆ ಅಳಿಯ ಎದುರುಬದುರಾಗಿ ನಿಂತರೆ ಕೈ ನಡುಗುವ ರೋಗ ಬರುತ್ತದೆಂದು ಅವರಿಗೆಷ್ಟು ಭಯವೋ ನನಗೂ ಅಷ್ಟೇ. ಕೈ ನಡುಗಿದರೆ ದುರ್ಬೀನು ಹಿಡಿಯುವುದು ಹೇಗೆ? ಆದ್ದರಿಂದ ಅವರ ಕೆಮ್ಮು ಬಾಳೆತೋಟದಲ್ಲಿ ಕೇಳಿಸಿದ್ದೇ ನಾನು ಒಳಗೋಡಿ ಬಾಗಿಲು ಹಾಕಿಕೊಂಡೆ. ಅವರು ಹೊರಗೆ ನಿಂತು ಗೋಡೆಯ ಜೊತೆ ಮಾತಿಗೆ ಶುರುಮಾಡಿದರು. "ಗೋಡೆಯೇ, ಈ ಡಬ್ಬಿ ನನ್ನ ಮಗಳಿಗೆ. ನೀನು ಮಿಡತೆ ತಿನ್ನಲ್ಲ ಅಂತ ನಂಗೊತ್ತು. ನಿನ್ನೊಳಗಿರೋದರ ಮೇಲೇ ನಂಗೆ ಅನುಮಾನ." ನಾನು ಗೋಡೆಯ ಪರವಾಗಿ ಗಂಟಲು ಸರಿಮಾಡಿಕೊಂಡೆ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಗೋಡೆಯೇ, ಇನ್ನೆರಡು ವರ್ಷ ಇರ್ಲಾ, ವಾಪಸ್ ಬರ್ಲಾ ಅಂತ ಅವಳು ಕೇಳಿದ್ದಾಳಂತಲ್ಲ. ಏನು ಹೇಳ್ತೀಯಪ್ಪಾ?" ಅವರು ಹೋದ ಮೇಲೆ ಗೋಡೆ ಡಬ್ಬಿಯನ್ನು ಒಳಗೆಳೆದುಕೊಂಡಿತು.

ಆ ಪ್ರಶ್ನೆಗೆ ಉತ್ತರ ಬರೆಯುವುದಕ್ಕೇ ಈ ಕಾಗದ ಹಿಡಿದು ಕೂತಿದ್ದೇನೆ. ಯಜಮಾನಿತಿ ಪಕ್ಕದಲ್ಲೇ ಕೂತು ಗಡಿಯಾರ ನೋಡುವ ಶುಕ್ರವಾರದ ಹತ್ತು ನಿಮಿಷದಲ್ಲಿ ಆಡುವ ಮಾತಲ್ಲ ಇದು. ನಾಡಿದ್ದು ಪಕ್ಕದ ಮನೆಯ ನಕಿಂಟು ನೀನಿರುವ ಮಸ್ಕತ್ತಿಗೇ ಮನೆಗೆಲಸಕ್ಕೆಂದು ವಿಮಾನ ಹತ್ತುತ್ತಾಳೆ. ಅವಳ ಕೈಯಲ್ಲೇ ಕಳಿಸುತ್ತೇನೆ. ಹೊಸ ಕರಾರಿಗೆ ಈ ತಿಂಗಳ ಹದಿನೈದರೊಳಗೆ ನೀನು ಸಹಿ ಹಾಕಬೇಕೆಂದು ಹೇಳಿದ್ದು ನೆನಪಿದೆ. ಆದರೆ ಮೊದಲು ನನ್ನ ಪರಾಕ್ರಮ ಸ್ವಲ್ಪ ಕೇಳು. ಹೊಗಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದೆ ಹತ್ತು ದಿನದ ಹೊಗಳಿಕೆ ಹೊಟ್ಟೆಯಲ್ಲೇ ಉಳಿದು ಅಜೀರ್ಣವಾಗಿದೆ.

ಈ ಸಲದ ತಂಡದಲ್ಲಿ ಆರು ಜನ ಡಚ್ಚರು. ಐವರಿಗೆ ಐದು ಕ್ಯಾಮೆರಾ, ಒಂದೊಂದೂ ಫಿರಂಗಿಯಷ್ಟು ಉದ್ದ. ಆರನೆಯವರು ಟಿನೆಕೆ ಎಂಬ ಎಪ್ಪತ್ತಮೂರು ವರ್ಷದ ಅಜ್ಜಿ. ಅವರ ಹತ್ತಿರ ಒಂದು ಹಳೆಯ ನೋಟ್‌ಬುಕ್ಕು ಮಾತ್ರ. ಅದರ ಮುಕ್ಕಾಲು ಭಾಗ ಗಂಡನ ಅಕ್ಷರ, ಉಳಿದದ್ದು ಇವರದು. ಕೇಳಿದ್ದಕ್ಕೆ, "ಅವನು ಶುರುಮಾಡಿದ ಪಟ್ಟಿ. ಅರ್ಧಕ್ಕೆ ಬಿಟ್ಟು ಹೋದ. ಯಾವ ಕೆಲಸವನ್ನ ಪೂರ್ತಿ ಮಾಡಿದ್ದ ಹೇಳು!" ಎಂದರು.

ಮೊದಲ ದಿನ ಇಲ್ಲೇ ನಮ್ಮ ಜೌಗಿನಲ್ಲಿ, ಅವಳಿ ಮಕ್ಕಳ ಅಪ್ಪ ಸಾಲೊಂಗೊನ ದೋಣಿಗಳಲ್ಲಿ ಹೊರಟೆವು. ಪಪೈರಸ್ ಹುಲ್ಲಿನ ನಡುವೆ ಬುಲ್ವೆ ಹಕ್ಕಿಯೊಂದು, ಮರದ ಚಪ್ಪಲಿಯಂಥ ತನ್ನ ಕೊಕ್ಕನ್ನು ಎದೆಗಾನಿಸಿ ಒಂಟಿಯಾಗಿ ನಿಂತಿತ್ತು. ದಾರಿಯಲ್ಲಿ ಬುಲ್ವೆ ಕಂಡರೆ ಬಲೆಗೆ ಮೀನು ಬೀಳುವುದಿಲ್ಲವೆಂದು ಸಾಲೊಂಗೊನ ಅಜ್ಜ ಕಲ್ಲೆಸೆಯುತ್ತಿದ್ದನಂತೆ. ಮೊಮ್ಮಗ ಈಗ ಅದಕ್ಕೆ ಟೋಪಿ ತೆಗೆಯುತ್ತಾನೆ. ಒಂದೂಕಾಲು ಗಂಟೆ ಅದು ಕದಲಲಿಲ್ಲ, ನಾವೂ ಕದಲಲಿಲ್ಲ. ಸಾಲೊಂಗೊ ನನ್ನ ಕಿವಿಯಲ್ಲಿ, "ನೋಡೋ ಮುಬಿರು, ಥೇಟ್ ನೀನೇ! ಸಾಯಂಕಾಲ ನಿಮ್ಮನೆ ಬಾಗಿಲಲ್ಲಿ ಹಿಂಗೇ ನಿಂತಿರ್ತೀಯಲ್ಲ" ಎಂದ. "ಲೋ, ಅದು ಬೇಟೆಗೆ ಹೊಂಚು ಹಾಕ್ತಿದೆ" ಎಂದೆ. "ಮತ್ತೆ ನೀನು ಯಾವ ಬೇಟೆಗೋ?" ಎಂದ. ಅಷ್ಟರಲ್ಲಿ ಬುಲ್ವೆ ಧೊಪ್ಪನೆ ಬಿದ್ದು ಮೊಳದುದ್ದದ ಮಾಂಬಾ ಮೀನನ್ನು ಕಚ್ಚಿ ಎತ್ತಿತು. ಐದು ಫಿರಂಗಿಗಳೂ ಒಟ್ಟಿಗೆ ಹಾರಿದವು. ಮಾಂಬಾ ನಮ್ಮ ಕುಲದ ಮೀನು, ನನ್ನ ನಾಲಗೆಗೆ ತಾಗಬಾರದ ಮೀನು. ಕುಲದವನು ತೀರಿಕೊಂಡನೆಂದು ಅಳಬೇಕೋ, ಅತಿಥಿಗಳ ಜೊತೆ ಚಪ್ಪಾಳೆ ತಟ್ಟಬೇಕೋ ತಿಳಿಯದೆ ಒಂದೇ ಕೈಯಲ್ಲಿ ತಟ್ಟಿದೆ.

ಏಳನೆಯ ದಿನ ಬೆಟ್ಟದ ಕಾಡು, ರುಹಿಜಾ. ಎಂಥ ಚಳಿ ಎಂದು ನಿನಗೇನು ಹೇಳಲಿ! ಮಿಡತೆಯ ಕೊನೆಯ ಕಂತು ಮುಗಿದದ್ದು ಅಲ್ಲೇ. ಎಲ್ಲರೂ ಇಷ್ಟು ದೂರ ಬಂದದ್ದೇ ಹಸಿರು ಅಗಲಕೊಕ್ಕಿಗಾಗಿ. ಮುಷ್ಟಿಗಾತ್ರದ, ಎಲೆಬಣ್ಣದ, ಗಂಟಲಲ್ಲಿ ಚೂರು ನೀಲಿ ಇರುವ ಹಕ್ಕಿ. ಎಲೆಗಳ ನಡುವೆ ಕೂತರೆ ಎಲೆಗೇ ಅನುಮಾನ ಬರಬೇಕು. ಟಿನೆಕೆಯ ಗಂಡ ಇದೇ ಕಾಡಿಗೆ ಎರಡು ಸಲ ಬಂದು ಕಾಣದೆ ವಾಪಸಾಗಿದ್ದನಂತೆ. ಕಣಿವೆಯ ತಳದ ಜೌಗಿಗೆ ಮೂರು ಗಂಟೆ ಇಳಿದೆವು. ಮುಂದೆ ಕತ್ತಿಯಿಂದ ಬಳ್ಳಿ ಸವರುತ್ತ ಆ ಕಡೆಯವನೇ ಆದ ಟಿಂಡ್ಯೆಬ್ವಾ, ಹಿಂದೆ ಅಜ್ಜಿಯ ಕೈ ಹಿಡಿದು ನಾನು. ಇಳಿಯುತ್ತ ಅವರಿಗೆ ನಮ್ಮ ಕಸುಬಿನ ಕಟ್ಟಳೆ ಹೇಳಿದೆ. ಮೊಬೈಲಿನಲ್ಲಿ ಹಿಡಿದಿಟ್ಟ ಕೂಗನ್ನು ಕೇಳಿಸಿದರೆ ಹಕ್ಕಿ ತನ್ನವರೇ ಕರೆದರೆಂದು ಬರುತ್ತದೆ. ಆದರೆ ಎರಡು ಸಲಕ್ಕಿಂತ ಹೆಚ್ಚು ಕೇಳಿಸಬಾರದು, ಪಾಪ ಅದಕ್ಕೆ ದಣಿವಾಗುತ್ತದೆ. ಅಜ್ಜಿ ಕೇಳಿದರು, "ಬಂದ ಮೇಲೆ ಅಲ್ಲಿ ಯಾರೂ ಇಲ್ಲದಿದ್ರೆ?" ನಾನು ಹೇಳಿದೆ, "ಸ್ವಲ್ಪ ಹೊತ್ತು ಅದೇ ಕೊಂಬೆ ಮೇಲೆ ಕೂತಿರುತ್ತೆ. ಆಮೇಲೆ ಹುಳ ಹುಡುಕ್ಕೊಂಡು ಹೋಗುತ್ತೆ."

ಕೆಳಗೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ನಾನು ಗಂಭೀರವಾಗಿ ಮೊಬೈಲನ್ನು ತಲೆಯ ಮೇಲೆತ್ತಿ, ದನಿ ಪೂರ್ತಿ ಏರಿಸಿ, ಗುಂಡಿ ಒತ್ತಿದೆ. ಇಡೀ ಕಣಿವೆಗೆ ಕೇಳುವ ಹಾಗೆ ಹೊರಟಿತು: "ಏನ್ರೀ ಸೂಬಿ ಅಪ್ಪಾ, ಉಂಡ್ರಾ? ಸುಳ್ಳು ಹೇಳ್ಬೇಡಿ! ಚಾದರ ಒಗೆದ್ರಾ, ಇನ್ನೂ ನಾನು ಹಾಸಿ ಬಂದದ್ದೇ ಇದೆಯಾ? ಬೆಟ್ಟಕ್ಕೆ ಹೋಗೋವಾಗ ಉಣ್ಣೆ ಕೋಟು ಮರೀಬೇಡಿ. ನನ್ನ ಮರೆತರೂ ಪರವಾಗಿಲ್ಲ, ಕೋಟು ಮರೀಬೇಡಿ!"

ಬೆರಳು ತಪ್ಪಿ, ನೀನು ಹಿಂದೊಮ್ಮೆ ಕಳಿಸಿದ್ದ ಧ್ವನಿಸಂದೇಶಕ್ಕೆ ತಾಗಿತ್ತು, ನಬ್ಬೋಸಾ. ನಿನ್ನ ದನಿ ಎದುರಿನ ಬೆಟ್ಟಕ್ಕೆ ಬಡಿದು "ಮರೀಬೇಡಿ, ಮರೀಬೇಡಿ" ಎಂದು ವಾಪಸು ಬಂತು. ಕೋತಿಗಳು ಕಿರುಚಿದವು. ಫಿರಂಗಿಯವನೊಬ್ಬ ನೋಟ್‌ಬುಕ್ಕು ತೆಗೆದು, "ಇದು ಯಾವ ಜಾತಿ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಟಿಂಡ್ಯೆಬ್ವಾ ಕತ್ತಿ ಒರೆಸಿಕೊಳ್ಳುತ್ತ ಹೇಳಿದ: "ನಮ್ಮ ಕಾಡಿಂದಲ್ಲ ಸ್ವಾಮಿ. ಕೆಳಗಿನ ಕೆರೆ ಸೀಮೇದು. ಗಂಡನ್ನ ಬಯ್ಯೋ ಜಾತಿ. ವಲಸೆ ಹೋಗಿದೆ." ಜೌಗೆಲ್ಲ ನಕ್ಕಿತು.

ಇನ್ನೊಬ್ಬನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದ. ನಾನು ಕುಸಿಯಲಿಲ್ಲ. ಸರಿಯಾದ ಕೂಗು ಹುಡುಕಿ ಒತ್ತಿದೆ, ಒಂದು ಸಲ, ಎರಡು ಸಲ. ಎಲೆಯೊಂದು ಅಲುಗಿತು, ಅದೇ ಹಕ್ಕಿಯಾಯಿತು! ತೆರೆದ ಕೊಂಬೆಯ ಮೇಲೆ ಪೂರ್ತಿ ಎರಡು ನಿಮಿಷ ಕೂತಿತು. ಅಂದು ಊಟಕ್ಕೆ ಮುಂಚೆ ಎಂದಿನಂತೆ ನಾನು ದಿನದ ಪಟ್ಟಿ ಓದುತ್ತಾ ಹೋದೆ, ಒಂದೊಂದು ಹೆಸರಿಗೂ ಅವರು "ಕಂಡೆ" ಎನ್ನುತ್ತಾ ಹೋದರು, ಅಗಲಕೊಕ್ಕಿನ ಹೆಸರಿಗೆ ಎಲ್ಲರೂ ಎದ್ದು ನಿಂತು "ಕಂಡೆವು!" ಎಂದು ಕೂಗಿದರು. ಟಿನೆಕೆ ಗಂಡನ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡರು. ನನ್ನ ಕಾಲಮಿನಲ್ಲಿ ನಾನೂ ಗುರುತು ಹಾಕಿದೆ. ಹತ್ತು ದಿನಕ್ಕೆ ಒಟ್ಟು ಇನ್ನೂರ ತೊಂಬತ್ತೊಂದು ಜಾತಿ! ನಿನಗೆ ಗೊತ್ತೇ ಇದೆ, ಸ್ವಂತ ಕಣ್ಣಿಂದ ನೋಡದ ಹಕ್ಕಿಗೆ ಗುರುತು ಹಾಕುವ ಮಾರ್ಗದರ್ಶಿ ನಾನಲ್ಲ. ಈ ಕೆರೆಯ ಸುತ್ತ ಮುಬಿರುವಿನ ಕಣ್ಣಿಗೆ ಸಮವಾದ ಕಣ್ಣು ಇನ್ನೊಂದಿಲ್ಲ.

ಈಗ ನಿನ್ನ ಪ್ರಶ್ನೆ. ನನ್ನ ಬಗ್ಗೆ ಚಿಂತಿಸಿ ನಿರ್ಧಾರ ಮಾಡಬೇಡ. ನಾನು ಪರಮ ಸುಖಿ. ಒಬ್ಬನಿಗಾಗಿ ಎಲೆ ಸುತ್ತಿ ಮಟೋಕೆ ಬಾಳೆಕಾಯಿ ಬೇಯಿಸಿದರೆ ಬೊಂಬೆಯಾಟದ ಅಡುಗೆಯಂತೆ ಕಾಣುತ್ತದೆಂದು ಬಿಟ್ಟಿದ್ದೇನೆ, ಅಷ್ಟೆ. ದೋಣಿಕಟ್ಟೆಯಲ್ಲಿ ಚಪಾತಿಯೊಳಗೆ ಮೊಟ್ಟೆ ಸುತ್ತಿದ ರೋಲೆಕ್ಸ್ ಸಿಗುತ್ತದೆ. ಕೈಗೆ ಕಟ್ಟುವ ರೋಲೆಕ್ಸ್ ಇಲ್ಲದಿದ್ದರೂ ಇದರಿಂದಲೇ ನನಗೆ ಹೊತ್ತು ಹೋಗುತ್ತದೆ. ಮನೆಗೆ ತಗಡು ಬಂತು, ಕಿಟಕಿ ಬಂತು. ಹಿಂದಿನ ಕೋಣೆಯೂ ಏಳಬೇಕೆಂಬುದು ನಿನ್ನ ಆಸೆ; ಅದು ತಪ್ಪಲ್ಲ. ಎರಡು ವರ್ಷ ಏನು ಮಹಾ? ಬುಲ್ವೆಯಾದರೆ ಒಂದೇ ಕಾಲಲ್ಲಿ ಕಳೆದುಬಿಡುತ್ತದೆ. ಧೈರ್ಯವಾಗಿ ಸಹಿ ಹಾಕು.

ಕೆಮ್ಮಿಗೆ ಶುಂಠಿ ಕುಡಿ. ನಕಿಂಟು ಹೊಸಬಳು, ಅವಳಿಗೆ ಸ್ವಲ್ಪ ಧೈರ್ಯ ಹೇಳು. ಸೂಬಿ ಮತ್ತು ಪಾಸಾದ ಕೋಳಿಗಳೆಲ್ಲ ನಿನಗೆ ನಮಸ್ಕಾರ ಹೇಳಿವೆ. ದೇವರು ನಿನ್ನ ಕೈಗೂ ಬೆನ್ನಿಗೂ ಬಲ ಕೊಡಲಿ.

ಇಂತಿ ನಿನ್ನವನೇ ಆದ,
ಮುಬಿರು

ತಾ.ಕ.: ಶುಕ್ರವಾರ ಬೆಳಿಗ್ಗೆ, ಮನೆಯಲ್ಲಿ. ನಕಿಂಟು ಬಾಗಿಲಲ್ಲಿ ನಿಂತು "ಕೊಡಣ್ಣಾ, ಬೇಗ ಕೊಡು" ಎನ್ನುತ್ತಿದ್ದಾಳೆ. ಸಹಿ ಹಾಕಬೇಡ. ಮೇಲೆ ಬರೆದದ್ದನ್ನು ಹೊಡೆದುಹಾಕಲು ಪುರುಸೊತ್ತಿಲ್ಲ, ನೀನೇ ಹೊಡೆದುಹಾಕು. ಹಿಂದಿನ ಕೋಣೆ ಬೇಡ. ಇರುವ ಕೋಣೆಯೇ ನನಗೆ ದೊಡ್ಡದಾಗಿದೆ. ಬಾ. ಬೆರಳು ತಪ್ಪಿದ್ದೂ ಪೂರ್ತಿ ನಿಜವಲ್ಲ. ದಿನಾ ಬೆಳಿಗ್ಗೆ ಸುಲಭವಾಗಿ ಸಿಗಲೆಂದು ನಿನ್ನ ಮಾತನ್ನು ನಾನೇ ಹಕ್ಕಿಗಳ ಕೂಗಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಿದ್ದೆ. ಮತ್ತೆ ಆ ಅಗಲಕೊಕ್ಕನ್ನು ಆರು ಜನ ಅತಿಥಿಗಳು ಕಂಡರು, ಟಿಂಡ್ಯೆಬ್ವಾ ಕಂಡ, ನಾನು ಕಾಣಲಿಲ್ಲ. ನಿನ್ನ ದನಿ ಬೆಟ್ಟದಿಂದ ವಾಪಸು ಬಂದಾಗಿನಿಂದ ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹಕ್ಕಿ ಕೂತಿದ್ದ ಎರಡು ನಿಮಿಷವೂ ಮರಕ್ಕೆ ಮುಖ ಕೊಟ್ಟು ನಿಂತಿದ್ದೆ. ಟಿನೆಕೆ ಬಂದು ಕರವಸ್ತ್ರ ಕೊಟ್ಟರು. ಕಣ್ಣಿಗೆ ನುಸಿ ಬಿತ್ತು ಎಂದೆ. "ಯಾವ ದೇಶದ ನುಸಿ ಮಗಾ?" ಎಂದರು. ನಾನು ದೇಶದ ಹೆಸರು ಹೇಳಿಬಿಟ್ಟೆ.