ಹೊಟ್ಟೆಗೆ ತಾಗುವ ಸ್ಟಿಕ್ಕು

ಮನೆಯಿಂದ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹಡಗಿನ ಇಂಜಿನ್ ರೂಮಿನ ಸೆಕೆಗೆ ಕೈಮೇಲೆ ಎದ್ದಿದ್ದ ಗುಳ್ಳೆಗಳು ವಾಸಿಯಾದವೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜಿಗೆ ‘ಹ್ಞೂಂ’ ಎಂದಷ್ಟೇ ಉತ್ತರ. ಅದಕ್ಕೇ ಈ ಕಾಗದ. ಇದನ್ನಾದರೂ ಪೂರ್ತಿ ಓದು ಮಹಾರಾಯ್ತಿ. ನನ್ನ ಮಂಡಿನೋವು ಹಾಗೇ ಇದೆ. ನಿಮ್ಮಪ್ಪನ ಆರೋಗ್ಯ ಚೆನ್ನಾಗಿದೆ, ತಲೆ ಮಾತ್ರ ಕೆಟ್ಟಿದೆ.

ನೀವಿಬ್ಬರೂ ಸೇರಿ ಶೆಡ್ಡಿನಲ್ಲಿ ಕಟ್ಟಲು ಹಿಡಿದಿದ್ದ ಆ ಪುಟ್ಟ ವಿಮಾನವನ್ನು, ನೀನು ಮುನಿಸಿಕೊಂಡು ಹೋದಮೇಲೆ ಅವರೊಬ್ಬರೇ ಮುಗಿಸಿದ್ದಾರೆ. ವಿಮಾನ ಮುಗಿಯಿತು, ನನ್ನ ಪ್ರಾಣ ತಿನ್ನುವುದು ಮುಗಿದಿಲ್ಲ. ರೆಕ್ಕೆಗೆ ಜಾಗ ಸಾಲದೆಂದು ನನ್ನ ಸ್ಕೂಟರ್ ಬಿಸಿಲಲ್ಲಿ ಒಣಗುತ್ತಿದೆ. ಬಣ್ಣದ ವಾಸನೆ ಊಟಕ್ಕೂ ಹತ್ತಿದೆ. ಅಷ್ಟನ್ನೂ ಸಹಿಸಿಕೊಂಡೆ. ಈಗ ನಡುಮನೆಯ ಸೋಫಾದ ದಿಂಬೂ ಮಾಯ!

ವಿಷಯ ಏನೆಂದರೆ, ಕಾಲಿನ ಪೆಡಲ್‌ಗಳನ್ನು ನಿನ್ನ ಉದ್ದ ಕಾಲಿನ ಅಳತೆಗೆ ಕೂರಿಸಿದ್ದೀರಿ. ಸೀಟು ಜರುಗುವುದಿಲ್ಲ, ತಳಕ್ಕೆ ಬಿಗಿದದ್ದು. ನಿಮ್ಮಪ್ಪನ ಕಾಲು ನಿಲುಕಬೇಕಲ್ಲ? ಬೆನ್ನ ಹಿಂದೆ ದಿಂಬು ತುರುಕಿಕೊಂಡು ಮುಂದಕ್ಕೆ ಸರಿದಿದ್ದಾರೆ. ಕಾಲೇನೋ ನಿಲುಕಿತು. ಆದರೆ ಮೊಣಕಾಲುಗಳ ನಡುವೆ ನಿಂತಿರುವ ಸ್ಟಿಕ್ಕನ್ನು ಹಿಂದಕ್ಕೆ ಎಳೆದರೆ ಅರ್ಧದಾರಿಯಲ್ಲೇ ಹೊಟ್ಟೆಗೆ ತಾಗಿ ನಿಲ್ಲುತ್ತದೆ. ಅದನ್ನು ಕಡೇತನಕ ಎಳೆಯಲಾಗದಿದ್ದರೆ ಇಳಿಯುವಾಗ ವಿಮಾನದ ಮೂಗು ಮೇಲೇಳುವುದಿಲ್ಲ, ನೇರ ಹೋಗಿ ನೆಲಕ್ಕೆ ಕುಟ್ಟುತ್ತದೆ ಎಂದು ತಪಾಸಣೆಗೆ ಬಂದವರು ಬಿಡಿಸಿ ಹೇಳಿದರು. ಇವರು ಕೇಳಬೇಕಲ್ಲ! “ಉಸಿರು ಬಿಗಿಹಿಡಿದು ಹೊಟ್ಟೆ ಒಳಕ್ಕೆ ಎಳ್ಕೊಂಡ್ರೆ ಪೂರ್ತಿ ಬರುತ್ತೆ ಸ್ವಾಮಿ” ಎಂದು ಮುಖ ಕೆಂಪಗೆ ಮಾಡಿಕೊಂಡು ತೋರಿಸಿದರು. ತಪಾಸಣೆಯವರು “ಹಾಗಾದ್ರೆ ಇಳಿಯೋವಾಗ ಉಸಿರಾಡಲ್ವಾ?” ಎಂದು ಕೇಳಿ, ಟೀ ಕುಡಿದು, ಹಾರಾಟದ ಒಪ್ಪಿಗೆಗೆ ಸಹಿ ಹಾಕದೆ ಹೋದರು.

ಪೆಡಲ್‌ಗಳ ಬೋಲ್ಟ್ ಬಿಚ್ಚಿ ಸೀಟಿಗೆ ಹತ್ತಿರದ ತೂತುಗಳಿಗೆ ಹಾಕಿದರೆ ದಿಂಬೇ ಬೇಡವಂತೆ, ಟೀ ಆರುವಷ್ಟರಲ್ಲಿ ಆಗುವ ಕೆಲಸವಂತೆ. ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ಅದರ ಬದಲು ರಾತ್ರಿ ಊಟ ಬಿಟ್ಟಿದ್ದಾರೆ! ಹೊಟ್ಟೆ ಕರಗಿಸುತ್ತಾರಂತೆ. ಮದುವೆಯಾದಾಗಿನಿಂದ ಕರಗದ್ದು ಈಗ ಕರಗುತ್ತದೆಯೇ? ರಾತ್ರಿಯದ್ದನ್ನೂ ಸೇರಿಸಿ ಮಧ್ಯಾಹ್ನವೇ ತಿನ್ನುತ್ತಾರೆ, ಅದು ಬೇರೆ ಮಾತು. ಸಹಿ ಇರಲಿ ಬಿಡಲಿ, ಮುಂದಿನ ತಿಂಗಳ ಮೊದಲ ಭಾನುವಾರ ಹಾರಿಸಿಯೇ ತೀರುತ್ತೇನೆ ಎಂದು ಪಟ್ಟು ಹಿಡಿದಿದ್ದಾರೆ. ಬೈದು ನೋಡಿದೆ, ಕಣ್ಣೀರಿಟ್ಟು ನೋಡಿದೆ, ಶೆಡ್ಡಿನ ಬೀಗದ ಕೈ ಬಚ್ಚಿಟ್ಟೆ. ಬೀಗವನ್ನೇ ಒಡೆದರು. ನನಗೆ ನಿಜವಾಗಿಯೂ ಹೆದರಿಕೆಯಾಗುತ್ತಿದೆ.

ಹುಷಾರಾಗಿರು. ದೇವರು ನಿನ್ನನ್ನೂ ನಿನ್ನ ಇಂಜಿನ್ನನ್ನೂ ತಣ್ಣಗಿಟ್ಟಿರಲಿ.

ಇಂತಿ,
ಇಬ್ಬರು ಮೊಂಡರ ನಡುವೆ ಸಿಕ್ಕಿಬಿದ್ದಿರುವ
ನಿನ್ನ ಅಮ್ಮ

ತಾ.ಕ.: ಕಾಗದ ಮಡಚುವ ಮೊದಲು ಇನ್ನೊಮ್ಮೆ ಕೇಳೋಣ ಎಂದು ಶೆಡ್ಡಿಗೆ ಹೋಗಿ ಜಗಳ ತೆಗೆದೆ. ಬೋಲ್ಟ್ ಬಿಚ್ಚೋಕೆ ನಿಮಗೇನ್ರೀ ಕಷ್ಟ ಎಂದು ಕಿರುಚಿದ್ದಕ್ಕೆ, “ಅದು ಅವಳ ಅಳತೆ ಕಣೇ. ಬಿಚ್ಚಿದ್ರೆ, ಅವಳು ಬರಲ್ಲ ಅಂತ ನಾನೇ ಒಪ್ಕೊಂಡ ಹಾಗಲ್ವಾ” ಎಂದರು. ಹಡಗಿನ ಕೆಲಸಕ್ಕೆ ಹೋಗಬೇಡ ಎಂದು ಆವತ್ತು ಕೂಗಾಡಿದವರು ಅವರು, “ಇನ್ನು ಆ ಸೀಟಲ್ಲಿ ಕೂರಲ್ಲ” ಎಂದು ಬಾಗಿಲು ಬಡಿದುಕೊಂಡು ಹೊರಟವಳು ನೀನು. ಸಾಕು ಮಾಡಿ ಇಬ್ಬರೂ! ಹಾರಬೇಡ ಎಂದು ಹೇಳಲು ಹೋಗಬೇಡ, ಅವರು ಕೇಳುವುದಿಲ್ಲ. “ಅಪ್ಪಾ, ಪೆಡಲ್ ನಿನ್ನ ಕಾಲಿಗೆ ಹಾಕ್ಕೋ, ನಾನು ಬಂದಾಗ ನನ್ನ ಅಳತೆಗೆ ನಾನೇ ಹಾಕ್ಕೋತೀನಿ” ಅನ್ನು. ನನಗಲ್ಲ, ಅವರಿಗೇ ಫೋನ್ ಮಾಡಿ ಹೇಳು. ಆ ಭಾನುವಾರಕ್ಕೆ ಮೊದಲು.