ಇವರ ಲಿವರ್ ಮತ್ತು ನಿಮ್ಮ ಬೈಗುಳ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅತ್ತೆಯವರಿಗೆ ದೊಡ್ಡ ಸೊಸೆಯ ನಮಸ್ಕಾರ.

ಮಂಡಿನೋವು ಹೇಗಿದೆ? ಮೈದುನನ ಮನೆಯ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಿ. ಅಲ್ಲಿ ನಿಮಗೆ ಎದುರಾಡುವವರು ಯಾರೂ ಇಲ್ಲವಂತೆ, ಬೇಜಾರಾಗುತ್ತಿರಬೇಕು. ಫೋನಿನಲ್ಲಿ ಮಾತಾಡಿದರೆ ಇವರ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಕಾಗದ.

ನಿಮ್ಮ ಮಗ ಸೊಂಟನೋವಿಗೆಂದು ಹೊಲಿಗೆ ಮಿಷನ್ ಪಕ್ಕದಲ್ಲೇ ಮಾತ್ರೆ ಇಟ್ಟುಕೊಂಡು, ಕಡಲೆಕಾಯಿ ಬಾಯಿಗೆ ಹಾಕಿಕೊಂಡ ಹಾಗೆ ನುಂಗಿ ಲಿವರ್ ಕೆಡಿಸಿಕೊಂಡದ್ದು ನಿಮಗೆ ಗೊತ್ತೇ ಇದೆ. ಮಾತ್ರೆ ನಿಲ್ಲಿಸಿದ್ದಾಯಿತು. ಆದರೆ ಹೋದ ತಿಂಗಳು ಡಾಕ್ಟರು ಇನ್ನೊಂದು ಹೇಳಿದರು. ಚಿಂತೆ ಹತ್ತಿದರೆ ಮಿದುಳಿನ ಅಪ್ಪಣೆಯಂತೆ ಮೈಯಲ್ಲಿ ಕೆಲವು ಹಾರ್ಮೋನುಗಳು ಹೆಚ್ಚುತ್ತವಂತೆ, ಪೆಟ್ಟಾದ ಲಿವರಿಗೆ ಅವು ಇನ್ನಷ್ಟು ತೊಂದರೆ ಕೊಡಬಹುದಂತೆ. ಚಿಂತೆ ತಲೆಯಲ್ಲಿ, ಪೆಟ್ಟು ಹೊಟ್ಟೆಯಲ್ಲಿ! ನನಗೆ ತಲೆಬುಡ ಅರ್ಥವಾಗಲಿಲ್ಲ. "ಅಷ್ಟು ದೂರ ಹೇಗೆ ಹೋಗುತ್ತೆ ಡಾಕ್ಟ್ರೇ?" ಅಂದೆ. "ರಕ್ತದಲ್ಲಿ ಹೋಗುತ್ತಮ್ಮ" ಅಂದರು.

ಮನೆಗೆ ಬಂದವಳೇ ಇವರಿಗೆ ತಲೆಬಿಸಿ ಮಾಡುವವರನ್ನೆಲ್ಲ ದೂರವಿಡಲು ಹೊರಟೆ. ಸಿಟ್ಟಾಗಬೇಡಿ ಅತ್ತೆ, ಮೊದಲು ಹೊಳೆದದ್ದು ನೀವೇ. ಮಗು ನೋಡಿಕೊಳ್ಳಲು ಅಮ್ಮ ಬೇಕು ಎಂದು ಮೈದುನನಿಂದ ನಿಮ್ಮನ್ನು ಕರೆಸಿದವಳು ನಾನು. ಇವರ ಹೊಲಿಗೆಗೆ ತಪ್ಪು ತೆಗೆಯಬೇಡಿ ಎಂದು ಗಿರಾಕಿಗಳಿಗೂ ಹೇಳಿಟ್ಟೆ. ಈಗ ತೋಳು ಗಿಡ್ಡವಾದರೂ "ಬಹಳ ಚೆನ್ನಾಗಿದೆ" ಎಂದು ಹಾಕಿಕೊಂಡು ಹೋಗುತ್ತಾರೆ. ನೂರು ಕೊಂಕು ತೆಗೆಯುವ ಟೀಚರಮ್ಮ ಕೂಡ ಉಸಿರು ಬಿಗಿಹಿಡಿದು ಕೋಟಿನ ಗುಂಡಿ ಹಾಕಿಕೊಂಡು "ಅಳತೆ ಸರಿಯಾಗಿದೆ" ಅಂದರು. ಮಕ್ಕಳು ಪಿಟ್ಟೆನ್ನುವುದಿಲ್ಲ. ಮನೆ ಇಷ್ಟು ತಣ್ಣಗಿದ್ದರೂ ಇವರಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ನಿನ್ನೆಯ ರಕ್ತಪರೀಕ್ಷೆಯಲ್ಲಿ ಲಿವರಿನ ಅಂಕಿ ಮತ್ತೆ ಏರಿದೆ. ಮಾತ್ರೆಯಿಲ್ಲ, ಜಗಳವಿಲ್ಲ, ಮತ್ಯಾಕೆ ಏರಿತು? ನನಗಂತೂ ದಿಕ್ಕೇ ತೋಚುತ್ತಿಲ್ಲ, ಭಯವಾಗುತ್ತಿದೆ. ಹೀಗೇ ಆದರೆ ನನ್ನ ಲಿವರಿನ ಗತಿ ಏನೋ!

ಮಕ್ಕಳು ಅಜ್ಜಿ ಎಲ್ಲಿ ಎಂದು ದಿನಾ ಕೇಳುತ್ತಾರೆ. ಮೈದುನನಿಗೂ ಓರಗಿತ್ತಿಗೂ ನಾನು ಕೇಳಿದೆನೆಂದು ಹೇಳಿ. ನಿಮ್ಮ ಆಶೀರ್ವಾದ ಇವರ ಮೇಲಿರಲಿ.

ನಿಮ್ಮ ಸೊಸೆ

ತಾ.ಕ.: ಕವರ್ ಅಂಟಿಸುವಷ್ಟರಲ್ಲಿ ಇವರು ಕತ್ತರಿ ಕೆಳಗಿಟ್ಟು ಕೇಳಿದರು: "ನಿಜ ಹೇಳು, ನಾನು ಉಳಿಯಲ್ಲ ಅಂದಿದ್ದಾರಾ? ಕೆಟ್ಟ ಹೊಲಿಗೆಗೂ ಎಲ್ಲರೂ ಹೊಗಳ್ತಾರೆ. ನನ್ನ ನೋಡಿ ಸಂಕಟಪಡಬಾರದು ಅಂತ ನೀನು ಅಮ್ಮನ್ನೂ ಕಳಿಸಿಬಿಟ್ಟೆ." ಡಾಕ್ಟರು ಗುಣವಾಗುತ್ತದೆ ಎಂದೇ ಹೇಳಿದ್ದಾರೆ, ಆಣೆ ಮಾಡಿದೆ, ಅಳುತ್ತಾ ಹೇಳಿದೆ ನೋಡಿ, ನಂಬಲಿಲ್ಲ. "ಸಾಯೋನನ್ನ ಯಾರೂ ಬೈಯಲ್ಲ ಬಿಡು" ಅಂದರು. ಅತ್ತೆ, ಕಾಗದ ಸಿಕ್ಕ ತಕ್ಷಣ ಬಸ್ಸು ಹತ್ತಿ. ಬ್ಯಾಗ್ ಕೆಳಗಿಡುವ ಮೊದಲೇ ಇವರಿಗೆ ಬೈಯಲು ಶುರುಮಾಡಿ.